ಮಲೆನಾಡಿನ ಮನೆಗೆ ಯಾವ ವೈಫೈ ಎಕ್ಸ್‌ಟೆಂಡರ್?

ತೀರ್ಥಹಳ್ಳಿ, ಹೊಸನಗರ ಕಡೆಯ ಹಳೇ ಮನೆಗಳ ಗೋಡೆ ದಪ್ಪ. ಜಗುಲಿಯಲ್ಲಿರುವ ರೂಟರ್‌ನ ಸಿಗ್ನಲ್ ಅಡುಗೆಮನೆ ತಲುಪುವಷ್ಟರಲ್ಲಿ ಸುಸ್ತು. ಆ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ, ಪ್ಲಗ್ಗಿಗೆ ಸಿಕ್ಕಿಸುವ ಸಾಧನವೇ ಎಕ್ಸ್‌ಟೆಂಡರ್. ಕಡಿಮೆ ಬೆಲೆಯಲ್ಲಿ ಟಿಪಿ-ಲಿಂಕ್ ಕಂಪನಿಯ ಎರಡು ಮಾಡೆಲ್ ನೋಡೋಣ.

ಟಿಎಲ್-ಡಬ್ಲ್ಯುಎ850ಆರ್‌ಇ ಅಗ್ಗದ್ದು. 2.4 ಗಿಗಾಹರ್ಟ್ಸ್ ಬ್ಯಾಂಡ್ (ವೈಫೈ ಅಲೆಗಳು ಓಡಾಡುವ ದಾರಿ) ಮಾತ್ರ. ಡಬ್ಬಿ ಮೇಲಿನ 300 ಎಂಬಿಪಿಎಸ್ ಎಂಬ ವೇಗ ನಂಬಬೇಡಿ. ಅದೇ ಬ್ಯಾಂಡಿನಲ್ಲಿ ಸಿಗ್ನಲ್ ತಗೊಂಡು ಅದರಲ್ಲೇ ಕೊಡೋದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೂ ಗೋಡೆ ದಾಟೋದರಲ್ಲಿ 2.4 ಗಟ್ಟಿ. ನಿಮ್ಮ ಪ್ಲಾನ್ 30-40 ಎಂಬಿಪಿಎಸ್‌ನದ್ದಾದರೆ, ವಾಟ್ಸಾಪ್, ಯೂಟ್ಯೂಬ್‌ಗೆ ಇದೇ ಸಾಕು. ಮೈಮೇಲಿನ ಸಿಗ್ನಲ್ ದೀಪಗಳನ್ನು ನೋಡಿಕೊಂಡು ಜಾಗ ಹುಡುಕಬಹುದು.

ಆರ್‌ಇ305ಕ್ಕೆ ದುಡ್ಡು ಜಾಸ್ತಿ, ಬ್ಯಾಂಡ್ ಎರಡು. 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್ ಅಂತಾರೆ. ಶಿವಮೊಗ್ಗದ ಪೇಟೆ ಮನೆಗೆ, 100 ಎಂಬಿಪಿಎಸ್ ಪ್ಲಾನಿಗೆ ನಾನು ಇದನ್ನೇ ಹೇಳೋದು. ಮಣ್ಣಿನ ಗೋಡೆಯ ಮನೆಯಲ್ಲಿ ಮಾತ್ರ ಆ 5 ಸುಮ್ನೆ ದಂಡ. ಲ್ಯಾನ್ ಕೇಬಲ್ ಎಳೆಯಲು ಆಗುತ್ತದಾ? ಹಾಗಾದರೆ ಇದನ್ನು ಆಕ್ಸೆಸ್ ಪಾಯಿಂಟ್ (ಕೇಬಲ್‌ನಿಂದ ಇಂಟರ್ನೆಟ್ ತಗೊಂಡು ವೈಫೈ ಕೊಡುವ ಸಾಧನ) ಮಾಡಿಕೊಳ್ಳಿ, ವೇಗ ಅರ್ಧ ಆಗಲ್ಲ.

ಯಾವುದೇ ಆಗಲಿ, ಸಿಗ್ನಲ್ ಇಲ್ಲದ ಕೋಣೆಯಲ್ಲಿ ಹಾಕಬೇಡಿ. ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುಮನೆಯಲ್ಲಿ ಹಾಕಿ. ಆ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆಯಾ ನೋಡಿ, ಮಳೆಗಾಲದಲ್ಲಿ ಕರೆಂಟ್ ಕತೆ ಗೊತ್ತಲ್ವಾ. ಗುಡುಗು ಶುರುವಾದರೆ ಕಿತ್ತಿಡಿ.