‘ಪಾರ್ಕಿಂಗ್ ಅದರಿ, ಬರ್ರಿ’: ಕಾರಿನಲ್ಲಿ ಬರುವವರ ಕಣ್ಣಲ್ಲಿ ಕಲಬುರಗಿಯ ಲಾಡ್ಜುಗಳು

ಕಲಬುರಗಿಯ ಯಾವ ಲಾಡ್ಜಿಗೆ ಫೋನ್ ಮಾಡಿ ಕೇಳಿದರೂ ‘ಪಾರ್ಕಿಂಗ್ ಅದರಿ, ಬರ್ರಿ’ ಅನ್ನುವ ಉತ್ತರ ಬರುತ್ತದೆ. ಸುಳ್ಳೇನೂ ಹೇಳುವುದಿಲ್ಲ. ಆದರೆ ಆ ‘ಪಾರ್ಕಿಂಗ್’ ರಸ್ತೆ ಬದಿ ಇರಬಹುದು, ಪಕ್ಕದ ಖಾಲಿ ಸೈಟಿರಬಹುದು, ಕಟ್ಟಡದ ಕೆಳಗಿನ ಸೆಲ್ಲಾರ್ ಇರಬಹುದು, ಗೇಟಿನೊಳಗಿನ ಅಂಗಳವೂ ಇರಬಹುದು. ಕಾರಿನವರು ರೂಮಿನ ಫೋಟೋ ನೋಡುವ ಮೊದಲು ಇವುಗಳಲ್ಲಿ ಯಾವುದೆಂದು ಬಿಡಿಸಿ ಕೇಳಬೇಕು.

ಮೊದಲು ಏರಿಯಾ. ಸೂಪರ್ ಮಾರ್ಕೆಟ್, ಬಸ್ ನಿಲ್ದಾಣ, ಸ್ಟೇಷನ್ ರೋಡ್ ಸುತ್ತಲಿನ ಲಾಡ್ಜುಗಳನ್ನು ಕಟ್ಟಿದ್ದೇ ಬಸ್ಸು, ರೈಲಿನಲ್ಲಿ ಬರುವವರಿಗಾಗಿ. ಬ್ಯಾಗು ಹಿಡಿದು ನಡೆದುಕೊಂಡೇ ತಲುಪುವ ಅನುಕೂಲದ ಬೆಲೆಯೂ ಅಲ್ಲಿನ ಬಾಡಿಗೆಯಲ್ಲಿ ಸೇರಿರುತ್ತದೆ. ಕಾರಿದ್ದವರಿಗೆ ಆ ಅನುಕೂಲದಿಂದ ಆಗಬೇಕಾದ್ದು ಏನೂ ಇಲ್ಲ, ದುಡ್ಡು ಮಾತ್ರ ಕೊಟ್ಟಂತಾಗುತ್ತದೆ. ಮೇಲಾಗಿ ಸಂಜೆ ಸೂಪರ್ ಮಾರ್ಕೆಟ್ ಕಡೆ ತಳ್ಳುಗಾಡಿ, ಆಟೊ, ಬೈಕುಗಳ ನಡುವೆ ಕಾರು ತೂರಿಸುವಷ್ಟರಲ್ಲಿ ಕ್ಲಚ್ ಒತ್ತಿ ಒತ್ತಿ ಕಾಲು ಸೋಲುತ್ತದೆ. ಅದೇ ದುಡ್ಡಿಗೆ ರಿಂಗ್ ರೋಡ್ ಅಥವಾ ಸೇಡಂ ರಸ್ತೆ ಕಡೆ ಹುಡುಕುವುದು ಜಾಣತನ. ವಿಶ್ವವಿದ್ಯಾಲಯ, ಬುದ್ಧ ವಿಹಾರ, ಇಎಸ್‌ಐ ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲವೂ ಸೇಡಂ ರಸ್ತೆಗೇ ಇವೆ. ಕೋಟೆ, ಅಪ್ಪನ ಗುಡಿ (ಶರಣಬಸವೇಶ್ವರ ದೇವಸ್ಥಾನ), ಬಂದೇ ನವಾಜ್ ದರ್ಗಾ ನೋಡಲು ಬಂದವರು ಕಾರನ್ನು ಲಾಡ್ಜಿನಲ್ಲೇ ಬಿಟ್ಟು ಆಟೊ ಹಿಡಿಯಲಿ. ದರ್ಗಾದ ಸುತ್ತಲಿನ ಗಲ್ಲಿಗಳಲ್ಲಿ ಎದುರಿನಿಂದ ಒಂದು ಟಂಟಂ ಆಟೊ ಬಂದರೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಊರೊಳಗೆ ಹೊಕ್ಕುವಾಗ ಫೋನಿನ ಮ್ಯಾಪನ್ನು ಪೂರಾ ನಂಬಬೇಡಿ, ಅದು ಹತ್ತಿರವೆಂದು ಮಾರ್ಕೆಟ್ ಗಲ್ಲಿಗೇ ನುಗ್ಗಿಸುತ್ತದೆ. ಬೀದರ್, ಹುಮನಾಬಾದ್ ಕಡೆಯಿಂದ ಬಂದರೆ ಹುಮನಾಬಾದ್ ಬೇಸ್, ಜೇವರ್ಗಿ ಕಡೆಯಿಂದ ಬಂದರೆ ರಾಮ ಮಂದಿರ ಸರ್ಕಲ್, ಆಳಂದ ಕಡೆಯಿಂದ ಬಂದರೆ ಆಳಂದ ಚೆಕ್‌ಪೋಸ್ಟ್ ತನಕ ಬನ್ನಿ. ಅಲ್ಲಿಂದ ರಿಂಗ್ ರೋಡ್ ಹಿಡಿದು ಲಾಡ್ಜಿಗೆ ಹತ್ತಿರದ ಸರ್ಕಲ್‌ವರೆಗೆ ಹೋಗಿ ಆಮೇಲೆ ಒಳಗೆ ತಿರುಗಿ.

ಇನ್ನು ಕಾರು ನಿಲ್ಲಿಸುವ ಜಾಗ. ರಸ್ತೆ ಬದಿಯಾದರೆ ಬೇಡವೆಂದುಬಿಡಿ. ಖಾಲಿ ಸೈಟು ಬೇಸಿಗೆಯಲ್ಲಿ ನಡೆಯುತ್ತದೆ, ಮಳೆಗಾಲದಲ್ಲಿ ನಡೆಯುವುದಿಲ್ಲ. ಇಲ್ಲಿಯದು ಎರೆ ಮಣ್ಣು. ಒಣಗಿದಾಗ ಕಲ್ಲಿನಂತೆ ಬಿರುಕು ಬಿಡುತ್ತದೆ, ರಾತ್ರಿ ಒಂದು ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಬೆಳಿಗ್ಗೆ ಚಕ್ರ ಸುತ್ತಿದಷ್ಟೂ ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ಹಿಡಿತ ತಪ್ಪುತ್ತದೆ, ಕಾರು ಇನ್ನಷ್ಟು ಹೂಳುತ್ತದೆ. ಮುರುಮು (ಗರಸು ಮಣ್ಣು) ಹಾಕಿದ್ದಾರೆಯೇ ನೋಡಿ. ಹಾಕಿಲ್ಲದಿದ್ದರೆ ಮುಂದಿನ ಎರಡು ಚಕ್ರಗಳಾದರೂ ಗಟ್ಟಿ ನೆಲದ ಮೇಲಿರುವಂತೆ ನಿಲ್ಲಿಸಿ. ಸಣ್ಣ ಕಾರುಗಳಲ್ಲಿ ಎಳೆಯುವವು ಮುಂದಿನ ಚಕ್ರಗಳೇ. ಸಿಕ್ಕಿಕೊಂಡರೆ ಆಕ್ಸಿಲರೇಟರ್ ತುಳಿಯದೆ, ಚಕ್ರದ ಮುಂದೆ ಜಲ್ಲಿಯೋ ಗೋಣಿಚೀಲವೋ ಹಾಕಿ ಮೆಲ್ಲಗೆ ಎಬ್ಬಿಸಬೇಕು.

ಸೆಲ್ಲಾರ್ ನೋಡಲು ಭದ್ರ, ಆದರೆ ಅದರ ಇಳಿಜಾರು ಒಂದೊಂದು ಕಡೆ ಒಂದೊಂದು ತರಹ. ಸ್ವಿಫ್ಟ್‌ನಂಥ ಕಾರಿನ ತಳ ನೆಲದಿಂದ 163 ಮಿ.ಮೀ. ಎತ್ತರದಲ್ಲಿದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಹಿಂಭಾಗ ಕುಸಿದು ಆ ಅಂತರ ಇನ್ನೂ ಕಡಿಮೆಯಾಗುತ್ತದೆ. ರಸ್ತೆ ಮುಗಿದು ಇಳಿಜಾರು ಶುರುವಾಗುವ ಅಂಚಿನಲ್ಲಿ ಕಾರಿನ ಹೊಟ್ಟೆ, ಕೆಳಗೆ ತಲುಪುವಲ್ಲಿ ಮುಂದಿನ ಬಂಪರ್ ಉಜ್ಜುತ್ತವೆ. ಜನರನ್ನು ಇಳಿಸಿ, ಜಾಗವಿದ್ದರೆ ಸ್ವಲ್ಪ ಓರೆಯಾಗಿ ಇಳಿಸಿದರೆ ತಪ್ಪುತ್ತದೆ. ಮೇಲೆ ಕ್ಯಾರಿಯರ್ ಕಟ್ಟಿದ್ದರೆ ಬೀಮಿನ ಎತ್ತರವನ್ನೂ ಕೇಳಿಕೊಳ್ಳಿ. ಅಗಲದ ಲೆಕ್ಕ ಹೀಗೆ: ಸ್ವಿಫ್ಟ್ 1,735 ಮಿ.ಮೀ., ಇನ್ನೋವಾ ಕ್ರಿಸ್ಟಾ 1,830 ಮಿ.ಮೀ., ಕನ್ನಡಿಗಳು ಬೇರೆ. ಬಾಗಿಲು ತೆರೆದು ಇಳಿಯಲು ಅರ್ಧ ಮೀಟರಾದರೂ ಬೇಕು. ಎರಡು ಕಂಬಗಳ ನಡುವೆ ಎರಡೂವರೆ ಮೀಟರ್ ಇಲ್ಲದಿದ್ದರೆ ದೊಡ್ಡ ಗಾಡಿಯವರು ಬೇರೆ ಲಾಡ್ಜ್ ನೋಡುವುದು ಮೇಲು. ಮಳೆಗಾಲದಲ್ಲಿ ಸೆಲ್ಲಾರಿನ ಗೋಡೆ ಗಮನಿಸಿ: ಮೊಣಕಾಲೆತ್ತರಕ್ಕೆ ಅಡ್ಡಗೆರೆಯಂತೆ ಕಲೆ ಕಂಡರೆ ಅಲ್ಲಿ ನೀರು ನಿಂತಿತ್ತು ಎಂದೇ ಅರ್ಥ. ನೀರೆತ್ತುವ ಮೋಟಾರ್ ಇದ್ದರೂ ಕರೆಂಟು ಹೋದಾಗ ಅದೂ ನಿಲ್ಲುತ್ತದೆ.

ಅಂಗಳ ಸಿಕ್ಕರೆ ಅದೇ ಉತ್ತಮ, ಅದಕ್ಕೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅಡುಗೆಮನೆಯ ಹಿಂದಿನ ಮೂಲೆ ಮಾತ್ರ ಬೇಡ. ಮುಸುರೆಗೆ ಬರುವ ಇಲಿಗಳು ಬೆಚ್ಚಗಿನ ಎಂಜಿನ್ ಕೆಳಗೆ ಸೇರಿ ವೈರು ಕಡಿಯುತ್ತವೆ. ಲಾಡ್ಜಿಗೆ ಫಂಕ್ಷನ್ ಹಾಲ್ ಇದ್ದರೆ ‘ಇವತ್ತು ಮದುವಿ ಅದೇನ್ರಿ?’ ಎಂದು ಕೇಳಿಯೇ ಬುಕ್ ಮಾಡಿ. ಮದುವೆಯ ದಿನ ಅಂಗಳವೆಲ್ಲ ಬೀಗರ ಗಾಡಿಗಳದ್ದು, ನಿಮ್ಮ ಕಾರು ಒಳಗೆ ಸಿಕ್ಕಿಬಿದ್ದರೆ ಊಟ ಮುಗಿಯುವವರೆಗೆ ಹೊರಗೆ ಬರುವುದಿಲ್ಲ.

ಒಂದರ ಹಿಂದೆ ಒಂದು ಕಾರು ನಿಲ್ಲಿಸುವ ಕಡೆ ವಾಚ್‌ಮನ್ ಕೀ ಕೇಳುತ್ತಾನೆ. ಬೆಳಿಗ್ಗೆ ಎಷ್ಟಕ್ಕೆ ಹೊರಡುವಿರೆಂದು ರಾತ್ರಿಯೇ ಹೇಳಿ, ಸಾಧ್ಯವಾದರೆ ಹೊರಸಾಲಿನಲ್ಲಿ ನಿಲ್ಲಿಸಿ ಕೀ ನೀವೇ ಇಟ್ಟುಕೊಳ್ಳಿ. ಕೊಡಲೇಬೇಕಾದರೆ ಗಾಡಿ ನಂಬರ್ ಬರೆದ ಚೀಟಿ ಪಡೆಯಿರಿ. ಹೋಟೆಲ್ ಸಿಬ್ಬಂದಿಯ ಕೈಗೆ ಒಪ್ಪಿಸಿದ ಕಾರು ಕಳುವಾದರೆ, ‘ಮಾಲೀಕರ ಜವಾಬ್ದಾರಿ’ ಎಂಬ ಬೋರ್ಡು ತೋರಿಸಿ ಹೋಟೆಲ್ ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಚೀಟಿ ಇಲ್ಲದಿದ್ದರೆ ಒಪ್ಪಿಸಿದ್ದನ್ನು ಸಾಬೀತು ಮಾಡುವುದೇ ಕಷ್ಟ.

ರೂಮಿನ ವಿಷಯದಲ್ಲಿ ಹೇಳಬೇಕಾದ್ದು ಸೆಕೆಯ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಮೇಲಂತಸ್ತಿನ ರೂಮು ಅಗ್ಗಕ್ಕೆ ಸಿಗುವುದು ಸ್ಲ್ಯಾಬು ಹಗಲೆಲ್ಲ ಕಾದು ನಡುರಾತ್ರಿವರೆಗೆ ಬಿಸಿ ಉಗುಳುವುದರಿಂದ. ಒಂದನೇ ಅಥವಾ ಎರಡನೇ ಮಹಡಿ, ಪಡುವಣ ಬಿಸಿಲು ಬೀಳುವ ಗೋಡೆ ಇಲ್ಲದ ರೂಮು ಕೇಳಿ. ಒಣ ಸೆಕೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎ.ಸಿ.ಯ ದುಡ್ಡು ಉಳಿಯುತ್ತದೆ. ಆದರೆ ಕಿಟಕಿ ಸ್ವಲ್ಪ ತೆರೆದಿರಬೇಕು, ಮಳೆ ಶುರುವಾದ ಮೇಲೆ ಕೂಲರ್ ಗಾಳಿ ಬರೀ ಜಿಗುಟು. ಕರೆಂಟು ಹೋದಾಗ ಜನರೇಟರ್ ಮೇಲೆ ಎ.ಸಿ. ನಡೆಯುತ್ತದೆಯೋ ಬರೀ ಫ್ಯಾನೋ ಎಂದೂ ಕೇಳಬೇಕು.

ಬಿಲ್ಲಿನಲ್ಲಿ ತೆರಿಗೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. 1,400 ರೂಪಾಯಿ ರೂಮಿಗೆ ಹಿಂದೆ 1,568 ಆಗುತ್ತಿತ್ತು, ಈಗ 1,470. ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರೇ ಇಲ್ಲದ ಲಾಡ್ಜು ತೆರಿಗೆ ಕೇಳುವಂತಿಲ್ಲ.

ಹೋಳಿಯ ನಂತರ ಬರುವ ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ಗಾಣಗಾಪುರದ ದತ್ತ ಜಯಂತಿ ಮತ್ತು ಹುಣ್ಣಿಮೆಗಳಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ಆಗ ಮೊದಲೇ ಬುಕ್ ಮಾಡಿ, ಪಾರ್ಕಿಂಗ್ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಚೆಕ್‌ಔಟ್ 24 ತಾಸೋ, ಮಧ್ಯಾಹ್ನ 12ಕ್ಕೋ ಎಂಬುದನ್ನೂ ಅದರಲ್ಲೇ ಕೇಳಿ: ರಾತ್ರಿ 9ಕ್ಕೆ ಬಂದವರಿಗೆ 24 ತಾಸಿನ ಲಾಡ್ಜಿನಲ್ಲಿ ಮರುದಿನವೆಲ್ಲ ಊರು ಸುತ್ತಿ, ಸಂಜೆ ಮೈ ತೊಳೆದುಕೊಂಡು ಹೊರಡಲು ಒಂದೇ ದಿನದ ಬಾಡಿಗೆ ಸಾಕು.