ಕಪ್ಪು-ಬಿಳುಪಿಗೆ ನಾಲ್ಕು ದಾರಿ, ನನಗೆ ಒಗ್ಗಿದ್ದು ಒಂದೇ

ದುಡ್ಡು ಕೊಟ್ಟು ತಗೊಂಡ, ಮೊದಲೇ ಅಳತೆ ಹೊಂದಿಸಿಟ್ಟ ಪ್ರಿಸೆಟ್‌ಗಳ ಫೋಲ್ಡರ್ ಇನ್ನೂ ನನ್ನ ಕಂಪ್ಯೂಟರಿನಲ್ಲಿ ಬಿದ್ದಿದೆ. ಒಂದು ಕ್ಲಿಕ್ ಮಾಡಿದರೆ ಬಣ್ಣದ ಫೋಟೊಗೆ ಹಳೇ ಫಿಲ್ಮಿನ ಕಳೆ ಬರುತ್ತೆ ಅಂತ ಹೇಳಿ ಮಾರಿದ್ದರು. ಅವನ್ನು ಬಳಸಲು ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬೇರೆ. ಈಗ ನಾನು ದಿನಾ ತೆರೆಯುವುದು ಫೋಟೊ ತಿದ್ದುವ ಸಾಫ್ಟ್‌ವೇರ್ ಆದ ಗಿಂಪ್‌ನ ಮೋನೋ ಮಿಕ್ಸರ್. ಅದು ಪುಕ್ಕಟೆ. ನಾನು ಯಾರ ಕಡೆ ಅಂತ ಇಷ್ಟರಲ್ಲೇ ಗೊತ್ತಾಯ್ತು ಅಲ್ವಾ?

ಬಣ್ಣದ ಫೋಟೊವನ್ನು ಕಪ್ಪು-ಬಿಳುಪು ಮಾಡುವ ನಾಲ್ಕೂ ದಾರಿಗಳನ್ನು ಒಂದೇ ದೃಶ್ಯದ ಮೇಲೆ ನೋಡಿದೆ. ಹಸಿರು ಬೇಲಿಯ ಮುಂದೆ ಕೆಂಪು ಕೊಡೆ ಹಿಡಿದ ಹುಡುಗಿ. ಹಿಂದೆ ನೀಲಿ ಆಕಾಶ, ಅದರಲ್ಲಿ ಮರದ ಸಣ್ಣ ಸಣ್ಣ ರೆಂಬೆಗಳು.

ಮೊದಲನೆಯದು ಎಲ್ಲರೂ ಮಾಡುವಂಥದ್ದು: ಬಣ್ಣವನ್ನು ಸುಮ್ನೆ ತೆಗೆದುಹಾಕುವುದು. ನಾನು ಲೈಟ್‌ನೆಸ್ ವಿಧಾನದಲ್ಲಿ ತೆಗೆದೆ. ಕೊಡೆ ಬೇಲಿಯೊಳಗೆ ಕರಗಿಹೋಯಿತು! ಈ ವಿಧಾನ ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿ ಮೂರರಲ್ಲಿ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳನ್ನು ಕೂಡಿಸಿ ಅರ್ಧ ಮಾಡುತ್ತದೆ. ಹಾಗಾಗಿ ಅಪ್ಪಟ ಕೆಂಪು, ಅಪ್ಪಟ ಹಸಿರು, ಅಪ್ಪಟ ನೀಲಿ ಮೂರಕ್ಕೂ ಸಿಗುವುದು ಒಂದೇ ಬೂದು. ಲ್ಯೂಮಿನೆನ್ಸ್ ಅನ್ನುವ ಇನ್ನೊಂದು ವಿಧಾನ ಆರಿಸಿದರೆ ಪರವಾಗಿಲ್ಲ. ಅಲ್ಲಿ ನೂರರಲ್ಲಿ ಹಸಿರಿಗೆ ಸುಮಾರು 72, ಕೆಂಪಿಗೆ 21, ನೀಲಿಗೆ 7ರ ಪಾಲು, ಅಂದರೆ ನಮ್ಮ ಕಣ್ಣಿಗೆ ಕಾಣುವ ಹೊಳಪಿಗೆ ಹತ್ತಿರ. ಕೊಡೆ ಕಪ್ಪಗಾಗಿ ಬೇರೆಯಾಗಿ ಕಂಡಿತು. ಆದರೆ ನನಗೆ ಬೇಕಿದ್ದದ್ದು ಹೊಳೆಯುವ ಕೊಡೆ.

ಎರಡನೆಯದು ಕ್ಯಾಮೆರಾದಲ್ಲೇ ಇರುವ ಮೋನೋಕ್ರೋಮ್. ಫ್ರೇಮ್ ಹಾಕುವಾಗಲೇ ಕಪ್ಪು-ಬಿಳುಪಿನಲ್ಲಿ ನೋಡಬಹುದು, ಅದೊಂದು ಸುಖ. ರಾ ಫೈಲನ್ನೂ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಟ್ಟ ಫೈಲ್) ಜೊತೆಗೆ ಉಳಿಸಿಕೊಳ್ಳಿ, ಅದರಲ್ಲಿ ಬಣ್ಣ ಇದ್ದೇ ಇರುತ್ತೆ. ನಾನು ಒಂದಿಡೀ ದಿನ ಬರೀ ಜೆಪೆಗ್‌ನಲ್ಲಿ ತೆಗೆದು ಕೈಸುಟ್ಟುಕೊಂಡೆ, ಬಣ್ಣ ಮರಳಿ ಸಿಗಲಿಲ್ಲ.

ಇನ್ನು ಆ ದುಡ್ಡಿನ ಕಥೆ. ಪ್ರಿಸೆಟ್‌ಗಳ ಒಳಗೆ ಇರುವುದು ಮುಖ್ಯವಾಗಿ ಬಣ್ಣಕ್ಕೊಂದರಂತೆ ಎಂಟು ಸ್ಲೈಡರ್‌ಗಳ ಅಳತೆ. ನೀಲಿ ಇಳಿಸಿದರೆ ಆಕಾಶ ಕಪ್ಪಾಗುತ್ತೆ, ಕೆಂಪು ಏರಿಸಿದರೆ ಕೊಡೆ ಬೆಳ್ಳಗಾಗುತ್ತೆ. ಮೊದಲ ನೋಟಕ್ಕೆ ಮರುಳಾದೆ. ಮೊಬೈಲಿನಲ್ಲಿ ನೋಡಿದಾಗಲೂ ಚೆನ್ನಾಗಿತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ ನೋಡಿ, ಆಗ ಬಣ್ಣ ಬಯಲಾಯ್ತು. ರೆಂಬೆಗಳ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಅಂಚು. ಆಕಾಶದ ತುಂಬ ಚೌಕ ಚೌಕದ ಕಲೆ.

ಪ್ರಿಂಟಿನವರ ತಪ್ಪು ಅಂದುಕೊಂಡು ಮತ್ತೊಮ್ಮೆ ಹಾಕಿಸಿದೆ. ಅದೇ ಕಲೆ. ಕೊನೆಗೆ ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ ಗೊತ್ತಾಯಿತು. ಈ ಸ್ಲೈಡರ್‌ಗಳು ಪ್ರತಿ ಚುಕ್ಕೆಯನ್ನೂ "ನೀನು ಯಾವ ಬಣ್ಣ?" ಅಂತ ಕೇಳುತ್ತವೆ. ರೆಂಬೆಯ ಅಂಚಿನ ಚುಕ್ಕೆ ಏನಂತ ಹೇಳುತ್ತೆ? ಅರ್ಧ ಕಂದು, ಅರ್ಧ ನೀಲಿ. ಆಕಾಶ ಕಪ್ಪಾದರೂ ಅಂಚು ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಅದರ ಮೇಲೆ ನನ್ನದು ಜೆಪೆಗ್. ಜೆಪೆಗ್ ಹೊಳಪನ್ನು ಪೂರ್ತಿ ಇಟ್ಟುಕೊಂಡರೂ ಬಣ್ಣವನ್ನು ಸಾಮಾನ್ಯವಾಗಿ ಉದ್ದ-ಅಗಲ ಎರಡರಲ್ಲೂ ಅರ್ಧಕ್ಕೆ ಇಳಿಸುತ್ತದೆ, ಆಮೇಲೆ 8x8ರ ಚೌಕಗಳಾಗಿ ಕತ್ತರಿಸಿ ಒತ್ತುತ್ತದೆ. ಬಣ್ಣ ಇರುವವರೆಗೂ ಅದು ಕಣ್ಣಿಗೆ ಬೀಳುವುದಿಲ್ಲ. ನೀಲಿಯನ್ನು ಅಷ್ಟು ಎಳೆದಾಗ ಚೌಕಗಳೆಲ್ಲ ಎದ್ದು ನಿಂತವು. ಅದೇ ದೃಶ್ಯದ ರಾ ಫೈಲಿನಲ್ಲಿ ಮಾಡಿ ನೋಡಿದೆ. ಚೌಕ ಹೋಯಿತು, ಬಿಳಿ ಅಂಚು ಪೂರ್ತಿ ಹೋಗಲಿಲ್ಲ. ಸ್ಲೈಡರನ್ನು ಸ್ವಲ್ಪವೇ ಸರಿಸಿದರೆ ತೊಂದರೆ ಇಲ್ಲ, ಒಪ್ಪುತ್ತೇನೆ. ಆದರೆ ಆ ಪ್ರಿಸೆಟ್‌ಗಳಲ್ಲಿ ಎಲ್ಲವೂ ತುದಿ ಮುಟ್ಟುವ ಹಾಗೆಯೇ ಎಳೆದಿದ್ದವು.

ಮೋನೋ ಮಿಕ್ಸರ್ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಅಂತ ಎಲ್ಲ ಚುಕ್ಕೆಗೂ ಒಂದೇ ಲೆಕ್ಕ ಹಾಕಿ ಕೂಡಿಸುತ್ತದೆ. ಕಲರ್ಸ್ ಮೆನುವಿನಲ್ಲಿ ಡಿಸ್ಯಾಚುರೇಟ್ ಒಳಗೆ ಸಿಗುತ್ತೆ. ಮೂರರ ಮೊತ್ತ 1ರ ಹತ್ತಿರ ಇದ್ದರೆ ಹೊಳಪು ಹದ ತಪ್ಪುವುದಿಲ್ಲ. ಕೆಂಪು 1, ಉಳಿದೆರಡು 0 ಅಂತ ಇಟ್ಟೆ. ನೀಲಿ ಆಕಾಶದಲ್ಲಿ ಕೆಂಪು ಕಡಿಮೆ, ಅದಕ್ಕೇ ಅದು ಕಪ್ಪಾಯಿತು. ಕೊಡೆ ಬೆಳಗಿತು. ಫಿಲ್ಮ್ ಕಾಲದಲ್ಲಿ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ರೆಂಬೆಗಳು ಚೊಕ್ಕವಾಗಿದ್ದವು.

ಹುಡುಗಿಯ ಮುಖ ಮಾತ್ರ ಪೌಡರ್ ಜಾಸ್ತಿಯಾದ ಹಾಗೆ ಆಗಿ, ತುಟಿ ಮಾಯವಾಯಿತು. ಕೆಂಪು 0.6, ಹಸಿರು 0.4ಕ್ಕೆ ತಂದ ಮೇಲೆ ಸರಿಹೋಯಿತು. ಆಕಾಶದ ಕಪ್ಪು ಸ್ವಲ್ಪ ಕಮ್ಮಿಯಾಯಿತು, ಇರಲಿ. ನೀಲಿಯ ಗೊಡವೆಗೆ ನಾನು ಹೋಗುವುದಿಲ್ಲ. ಕಡಿಮೆ ಬೆಳಕಿನಲ್ಲಿ ಅದು ಬರೀ ಕಾಳು ಕಾಳು.

ಮದುವೆ ಫೋಟೊ ತೆಗೆಯುವವರು, ನೂರಾರು ಚಿತ್ರಗಳನ್ನು ಒಟ್ಟಿಗೆ ಮುಗಿಸಬೇಕಾದವರು ಎಂಟು ಸ್ಲೈಡರ್‌ಗಳ ಕಡೆಗೇ ಹೋಗಲಿ. ರಾ ತೆಗೆಯಲಿ, ಮೆತ್ತಗೆ ಎಳೆಯಲಿ. ನಾನು ವಾರಕ್ಕೆ ನಾಲ್ಕೋ ಐದೋ ಫೋಟೊ ಮಾಡುವವನು. ಒಂದೊಂದನ್ನೇ ತೆರೆದು ಮೂರು ಅಂಕಿ ಬದಲಿಸಲು ನನಗೆ ಬೇಜಾರಿಲ್ಲ. ಬಾಡಿಗೆಯ ಸಾಫ್ಟ್‌ವೇರ್ ಹೋದ ತಿಂಗಳೇ ನಿಲ್ಲಿಸಿದೆ. ಕೆಟ್ಟ ಪ್ರಿಂಟ್ ಎರಡೂ ಮೇಜಿನ ಡ್ರಾಯರಿನಲ್ಲಿವೆ. ಹಿಂಬದಿ ಖಾಲಿ ಇದೆಯಲ್ಲ, ಅಳತೆ ಬರೆದುಕೊಳ್ಳೋಕೆ ಆಯ್ತು.