ಸೇವ್‌ಕೋರ್: ಕರೆಂಟೋ, ಕರ್ನಲ್ಲೋ?

ಮಂಗಳೂರಿನ ಮಳೆಗಾಲದಲ್ಲಿ ಸರ್ವರ್ ತನ್ನಷ್ಟಕ್ಕೆ ರೀಬೂಟ್ ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಕರೆಂಟ್ ಹೋಗಿರಬೇಕು. ಹಂಪನಕಟ್ಟೆಯ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲೂ ಅಷ್ಟೇ. ಗಿರಾಕಿಗಳ ಫೈಲೆಲ್ಲ ಇರುವುದು ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಇರುವ ಒಂದು ಮಷಿನ್‌ನಲ್ಲಿ, ಅದು ರಾತ್ರಿ ಬಿದ್ದು ಎದ್ದರೆ ಬೈಗುಳ ಮಾತ್ರ ಯುಪಿಎಸ್‌ಗೆ. ಈ ಜಗಳಕ್ಕೆ ಸಾಕ್ಷಿ ಒದಗಿಸಿದ್ದು ಸೇವ್‌ಕೋರ್, ಕರ್ನಲ್ (ಸಿಸ್ಟಮ್‌ನ ತಿರುಳು) ಕುಸಿದಾಗಿನ ಮೆಮೊರಿಯ ಪ್ರತಿಯನ್ನು, ಅಂದರೆ ಡಂಪನ್ನು, ಎತ್ತಿಡುವ ಪ್ರೋಗ್ರಾಮ್. ದುಡ್ಡು ಕೊಡಬೇಕಿಲ್ಲ, ಸಿಸ್ಟಮ್ ಜೊತೆಗೇ ಬರುತ್ತದೆ. ಇನ್‌ಸ್ಟಾಲ್ ಮಾಡುವಾಗ ಡಂಪ್‌ಡೆವ್ ಆಯ್ಕೆಗೆ ಟಿಕ್ ಹಾಕಿದರೆ ಸಾಕು.

ಕರ್ನಲ್ ಪ್ಯಾನಿಕ್ ಆದಾಗ, ಅಂದರೆ ಸರಿಪಡಿಸಲಾಗದ ತಪ್ಪು ಕಂಡು ಅದು ತಾನೇ ನಿಂತಾಗ, ಫೈಲ್ ಸಿಸ್ಟಮನ್ನು ನಂಬುವ ಹಾಗಿಲ್ಲ. ಅದಕ್ಕೇ ಮೆಮೊರಿಯಲ್ಲಿ ಕರ್ನಲ್‌ಗೆ ಸೇರಿದ್ದನ್ನೆಲ್ಲ ನೇರವಾಗಿ ಸ್ವಾಪ್ ಪಾರ್ಟಿಷನ್‌ನ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ತುದಿಯಲ್ಲಿ ಸುರಿದುಬಿಡುತ್ತದೆ. ಮುಂದಿನ ಸಲ ಬೂಟ್ ಆಗುವಾಗ ಸೇವ್‌ಕೋರ್ ಅದನ್ನು ಎತ್ತಿ, /var/crash ಫೋಲ್ಡರಿನಲ್ಲಿ ವಿಎಂಕೋರ್.0 ಅಂತ ಇಡುತ್ತದೆ. ನನಗೆ ಇಷ್ಟವಾಗಿದ್ದು ಪಕ್ಕದಲ್ಲೇ ಇರುವ ಪುಟ್ಟ ಇನ್ಫೋ.0 ಫೈಲ್. ಡಂಪ್ ಆದ ಹೊತ್ತು, ಪ್ಯಾನಿಕ್ ಸಂದೇಶ, ಎರಡೂ ಅದರಲ್ಲಿ ಉಂಟು. ನಮ್ಮದರಲ್ಲಿ ಪೇಜ್ ಫಾಲ್ಟ್ ಅಂತ ಇತ್ತು, ಅಂದರೆ ಕರ್ನಲ್ ಮುಟ್ಟಬಾರದ ಮೆಮೊರಿ ಜಾಗ ಮುಟ್ಟಲು ಹೋಗಿತ್ತು. ಕರೆಂಟೇ ಹೋಗಿದ್ದರೆ ಇದನ್ನೆಲ್ಲ ಬರೆಯಲು ಪುರುಸೊತ್ತಾದರೂ ಎಲ್ಲಿ ಅಲ್ವಾ? ಹಾಗಂತ ಡಂಪ್ ಇಲ್ಲದಿದ್ದರೆ ಕರೆಂಟೇ ಕಾರಣ ಅನ್ನುವ ಹಾಗೂ ಇಲ್ಲ, ಡಿಸ್ಕ್ ಕಂಟ್ರೋಲರ್ ಕೈಕೊಟ್ಟರೂ ಏನೂ ಸಿಗುವುದಿಲ್ಲ.

ತಕರಾರುಗಳೂ ಉಂಟು. ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಬಳಸುವವರಿಗೆ ಡಂಪ್ ಸಿಕ್ಕಾಪಟ್ಟೆ ದೊಡ್ಡದಾಗಬಹುದು, ಯಾಕೆಂದರೆ ಡಿಸ್ಕಿನಿಂದ ಓದಿದ್ದನ್ನು ಇಟ್ಟುಕೊಳ್ಳುವ ಅದರ ಎಆರ್‌ಸಿ ಕ್ಯಾಶ್ ಕೂಡ ಕರ್ನಲ್ ಮೆಮೊರಿಯೇ. ಸ್ವಾಪ್ ಚಿಕ್ಕದಿದ್ದರೆ ಮುಗೀತು. ಇನ್ನೊಂದು, ಫ್ರೀಬಿಎಸ್‌ಡಿ 13ನೇ ಆವೃತ್ತಿಯಿಂದ ಜಿಡಿಬಿ ಅನ್ನುವ ಡಿಬಗರ್ (ತಪ್ಪು ಹುಡುಕುವ ಪ್ರೋಗ್ರಾಮ್) ಮೂಲ ಸಿಸ್ಟಮ್‌ನಲ್ಲಿ ಇಲ್ಲ. ಆ ಪ್ಯಾಕೇಜ್ ಬೇರೆ ಹಾಕದಿದ್ದರೆ ಡಂಪ್ ಓದಿ ಕ್ರ್ಯಾಶ್‌ಇನ್ಫೋ ಕಮಾಂಡ್ ಮಾಡಿಕೊಡುವ ವರದಿಯಲ್ಲಿ ಬ್ಯಾಕ್‌ಟ್ರೇಸೇ (ಬೀಳುವ ಮೊದಲು ಯಾವ ಫಂಕ್ಷನ್‌ಗಳು ನಡೆಯುತ್ತಿದ್ದವು ಅನ್ನುವ ಪಟ್ಟಿ) ಇರುವುದಿಲ್ಲ. ಇದನ್ನು ಮೊದಲೇ ಜೊತೆಗೆ ಕೊಡಬಾರದಿತ್ತಾ ಮಾರಾಯ್ರೇ?

ಎಲ್ಲಕ್ಕಿಂತ ದೊಡ್ಡ ಶತ್ರು ಮನುಷ್ಯರೇ. ಡಂಪ್ ಬರೆಯುವಾಗ ಪರದೆಯ ಮೇಲೆ 11%, 21% ಅಂತ ನಿಧಾನಕ್ಕೆ ಏರುತ್ತಿರುತ್ತದೆ, ಅಷ್ಟರಲ್ಲಿ ಯಾರೋ ಬಂದು ಹ್ಯಾಂಗ್ ಆಗಿದೆ ಅಂತ ಪವರ್ ಬಟನ್ ಒತ್ತುತ್ತಾರೆ. ನಾವು ಮಷಿನ್ ಮೇಲೆ ಚೀಟಿ ಅಂಟಿಸಿದ್ದೇವೆ.

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ಆನ್ ಮಾಡಿ ಸುಮ್ನೆ ಬಿಡಬೇಡಿ. ಡಂಪ್‌ಆನ್ ಕಮಾಂಡಿಗೆ ಮೈನಸ್ ಎಲ್ ಹಾಕಿ, ಡಂಪ್ ಯಾವ ಡಿವೈಸ್‌ಗೆ ಹೋಗುತ್ತದೆ ನೋಡಿ. ಆಮೇಲೆ ಭಾನುವಾರ, ಯಾರೂ ಕೆಲಸ ಮಾಡದ ಹೊತ್ತಲ್ಲಿ, ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ ಕಮಾಂಡಿನಲ್ಲಿ ಡಿಬಗ್.ಕೆಡಿಬಿ.ಪ್ಯಾನಿಕ್=1 ಕೊಟ್ಟು ಬೇಕಂತಲೇ ಒಮ್ಮೆ ಬೀಳಿಸಿ. ಬ್ಯಾಕಪ್ ಆದ ಮೇಲೆ ಮಾತ್ರ.